ಮೂರು ತಟ್ಟೆಯ ಬಿಲ್ಲು, ಐನೂರು ಎಲೆಯ ಕೂಲಿ

ಜಪಾನಿ ಭಾಷೆಯಲ್ಲಿ ‘ಒಮಕಸೆ’ ಎಂದರೆ ‘ನಿಮಗೇ ಬಿಟ್ಟಿದ್ದೇನೆ’ ಎಂದರ್ಥ. ಹೋಟೆಲಿಗೆ ಹೋಗಿ ಈ ಮಾತು ಹೇಳಿದರೆ ಮೆನು ಕಾರ್ಡು ಬರುವುದಿಲ್ಲ. ಅವತ್ತು ಯಾವ ಮೀನು ಚೆನ್ನಾಗಿದೆ, ಯಾವುದರ ನಂತರ ಯಾವುದು ತಿನ್ನಬೇಕು ಎಂದು ತೀರ್ಮಾನಿಸುವುದು ಅಡುಗೆಯವರ ಕೆಲಸ, ಕೊಟ್ಟಿದ್ದನ್ನು ತಿನ್ನುವುದು ನಮ್ಮ ಕೆಲಸ. ಇಂಥ ಊಟ ಈಗ ಬೆಂಗಳೂರಿನಲ್ಲೂ ಸಿಗುತ್ತದೆ. ಒಬ್ಬರಿಗೆ ಬೀಳುವ ಖರ್ಚು ನಮ್ಮಂಥವರ ಒಂದು ತಿಂಗಳ ಮೆಸ್ ಬಿಲ್ಲಿಗಿಂತ ಜಾಸ್ತಿ.

ಈ ವಿಷಯ ಬಂದಾಗ ನಮ್ಮ ಹಾಸ್ಟೆಲಿನಲ್ಲಿ ಎರಡು ಪಕ್ಷ ಆಗುತ್ತದೆ. ಒಂದು ಪಕ್ಷ, ‘ದುಡ್ಡಿನ ಕೊಬ್ಬು ಕಣ್ರೋ, ಹಸಿ ಮೀನಿಗೆ ಎಂಟು ಸಾವಿರ ಕೊಡೋದಾ’ ಅನ್ನುತ್ತದೆ. ಇನ್ನೊಂದು ಪಕ್ಷಕ್ಕೆ ಪ್ಲೇಸ್‌ಮೆಂಟ್ ಆದ ಮೊದಲ ತಿಂಗಳೇ ಅಲ್ಲಿ ಕೂತು ಒಂದು ರೀಲ್ಸ್ ಹಾಕಬೇಕೆಂಬ ಆಸೆ. ನಾನು ಹೋಗಿ ಉಂಡು ಬಂದಿದ್ದೇನೆ. ಬಂದ ಮೇಲೆ ನನಗೆ ಎರಡೂ ಪಕ್ಷ ಸರಿ ಅನ್ನಿಸುತ್ತಿಲ್ಲ. ಆ ಊಟ ದುಬಾರಿ ಎನ್ನುವುದು ನನ್ನ ತಕರಾರಲ್ಲ. ಅಲ್ಲಿ ಅಡುಗೆಯವನ ಕೈಗೆ ಸಿಗುವ ಗೌರವ ನಮ್ಮೂರ ಅಡುಗೆಯವರ ಕೈಗೆ ಯಾಕೆ ಸಿಗುವುದಿಲ್ಲ ಎನ್ನುವುದು ನನ್ನ ತಕರಾರು.

ನಮ್ಮದು ಹೆಬ್ಬೆ ಕಡೆ. ಹೆಬ್ಬೆ ಅಂದರೆ ಹೊರಗಿನವರಿಗೆ ಜಲಪಾತ, ಕೆಮ್ಮಣ್ಣುಗುಂಡಿಯಿಂದ ಕುಲುಕಾಡಿಕೊಂಡು ಬರುವ ಜೀಪು, ಜಿಗಣೆ. ನಮಗೆ ಕಾಫಿ, ಅಡಿಕೆ, ಮಳೆ. ನಮ್ಮ ದೊಡ್ಡಪ್ಪ ಅಡುಗೆ ಕಂಟ್ರಾಕ್ಟ್ ಮಾಡುತ್ತಾರೆ. ತರೀಕೆರೆ, ಕಡೂರು, ಅಜ್ಜಂಪುರ ಈ ಮೂರೂ ಕಡೆ ಮದುವೆ, ಗೃಹಪ್ರವೇಶ, ಬೀಗರೂಟ, ತಿಥಿ ಯಾವುದಿದ್ದರೂ ಅವರಿಗೆ ಕರೆ ಬರುತ್ತದೆ. ದೊಡ್ಡಪ್ಪನ ಮಗಳು, ಅಂದರೆ ನನ್ನ ಅಕ್ಕ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಅವಳ ತಮ್ಮ ಈ ವರ್ಷ ಎರಡನೇ ಪಿಯುಸಿ ಮುಗಿಸಿದ. ಮುಂದೆ ಏನು ಓದ್ತೀಯೋ ಅಂದರೆ ‘ಅಡುಗೆ ಕಲೀತೀನಿ, ಶೆಫ್ ಆಗ್ತೀನಿ’ ಅಂದ. ಮನೆಯಲ್ಲಿ ಗಲಾಟೆ ಶುರುವಾಗಿದ್ದೇ ಅಲ್ಲಿಂದ. ಎಲ್ಲರಿಗಿಂತ ಜೋರಾಗಿ ಬೇಡ ಅಂದವರು ಬೇರೆ ಯಾರೂ ಅಲ್ಲ, ದೊಡ್ಡಪ್ಪನೇ. ‘ಹೊಗೆ ಕುಡಿದು ಕುಡಿದು ನನ್ನ ಎದೆ ಹೋಯ್ತು. ನಿನಗೂ ಅದೇ ಬೇಕಾ? ಸೌಟು ಹಿಡಿಯೋಕೆ ನಿನ್ನ ಓದಿಸಬೇಕಿತ್ತಾ?’ ಅಂತ.

ಅಕ್ಕನಿಗೆ ಆಗಷ್ಟೇ ಬಡ್ತಿ ಸಿಕ್ಕಿತ್ತು. ‘ಅಪ್ಪ ಹೇಳೋದೂ ಸುಳ್ಳಲ್ಲ, ಇವನು ಕೇಳೋದೂ ತಪ್ಪಲ್ಲ. ಈ ಕೆಲಸದ ಇನ್ನೊಂದು ತುದಿ ಹೇಗಿರುತ್ತೆ ಅಂತ ಒಂದ್ಸಲ ಕಣ್ಣಾರೆ ನೋಡಿಬಿಡಲಿ’ ಎಂದು ತಮ್ಮನಿಗೂ ನನಗೂ ಸೇರಿಸಿ ಮೂರು ಸೀಟು ಬುಕ್ ಮಾಡಿದಳು.

ಅದು ಎಂಟು ಕುರ್ಚಿಗಳ ಸಣ್ಣ ಜಾಗ. ಎದುರಿಗೆ ಮರದ ಕಟ್ಟೆ, ಕಟ್ಟೆಯ ಆಚೆ ಅಡುಗೆಯವರು. ನಡುವೆ ಗೋಡೆ ಇಲ್ಲ, ಪರದೆ ಇಲ್ಲ. ಅವರು ಅಕ್ಕಿಯ ಡಬ್ಬ ಮುಚ್ಚುವುದು, ಚಾಕು ಒರೆಸುವುದು, ಕೈ ತೊಳೆಯುವುದು ಎಲ್ಲ ಕಾಣುತ್ತದೆ. ಹದಿನಾಲ್ಕು ಬಗೆ ಬಂತು. ಅದರಲ್ಲಿ ಹೆಚ್ಚಿನವು ಒಂದೇ ತುತ್ತಿನವು: ಸ್ವಲ್ಪ ಅನ್ನ, ಮೇಲೆ ಒಂದು ತುಂಡು ಮೀನು. ಮಳೆಗಾಲದಲ್ಲಿ ಹೊಳೆಯಿಂದ ಗದ್ದೆಗೆ ಹತ್ತಿ ಬರುವ ಮೀನು ಹಿಡಿದು ಸಾರು ಮಾಡಿ ಉಂಡು ಬೆಳೆದ ನಮಗೆ ಮೀನು ಹೊಸದಲ್ಲ, ಹಸಿ ಮೀನು ಹೊಸದು. ವಾಸನೆ ಬರಬಹುದು ಅಂದುಕೊಂಡಿದ್ದೆ, ಬರಲಿಲ್ಲ. ಅನ್ನ ಬಿಸಿಯೂ ಇರಲಿಲ್ಲ, ತಣ್ಣಗೂ ಇರಲಿಲ್ಲ, ನಮ್ಮ ಮೈಯಷ್ಟೇ ಬೆಚ್ಚಗಿತ್ತು. ಅದಕ್ಕೆ ಹುಳಿ ಬಂದಿದ್ದು ಅಕ್ಕಿಯಿಂದಲೇ ಮಾಡಿದ ವಿನೆಗರಿನಿಂದ. ಜೊತೆಗೆ ವಸಾಬಿ ಎಂಬ ಬೇರನ್ನು ಎದುರಿಗೇ ತೇಯ್ದು ಸವರಿದರು. ಮೂಗಿಗೆ ಹತ್ತುವ ಅದರ ಘಾಟಿಗೆ ಕಾರಣವಾದ ರಾಸಾಯನಿಕ, ಅಲೈಲ್ ಐಸೊಥಯೋಸಯನೇಟ್, ನಮ್ಮ ಸಾಸಿವೆಯಲ್ಲೂ ಇದೆ. ತೇಯ್ದ ಕೆಲವೇ ನಿಮಿಷಕ್ಕೆ ಘಾಟು ಹಾರಿಹೋಗುತ್ತದೆ, ಅದಕ್ಕೇ ಆಗಾಗ ಅಷ್ಟಷ್ಟೇ ತೇಯುತ್ತಾರೆ.

ನಾನು ರುಚಿ ನೋಡುತ್ತಿದ್ದರೆ ತಮ್ಮ ಕೈ ನೋಡುತ್ತಿದ್ದ. ಅರ್ಧ ಊಟ ಆದ ಮೇಲೆ ತನಗೆ ಬರುವ ಹಿಂದಿಯಲ್ಲೇ ಕೇಳಿಬಿಟ್ಟ: ‘ಸರ್, ಅನ್ನ ಕಲಿಯೋಕೆ ಎಷ್ಟು ದಿನ ಆಯ್ತು?’ ಆ ಬಾಣಸಿಗರು ಜಪಾನಿನವರಲ್ಲ, ಈಶಾನ್ಯ ರಾಜ್ಯದವರು. ಹದಿನೆಂಟನೇ ವಯಸ್ಸಿಗೆ ಪಾತ್ರೆ ತೊಳೆಯಲು ಸೇರಿದರಂತೆ. ಎರಡು ವರ್ಷ ಬರೀ ಅನ್ನ. ಮೀನಿಗೆ ಚಾಕು ಹಾಕಲು ಬಿಟ್ಟಿದ್ದು ಅದಾದ ಮೇಲೆ. ಇದನ್ನು ಅವರು ಹೇಳಿಕೊಂಡಿದ್ದು ಬೇಜಾರಿನಿಂದಲ್ಲ, ನಾವು ಯಾವ ಕಾಲೇಜು ಎಂದು ಹೇಳುವ ಹಾಗೆ.

ಇನ್ನು ಲೆಕ್ಕಕ್ಕೆ ಬರೋಣ. ಒಬ್ಬರಿಗೆ ಎಂಟು ಸಾವಿರ, ಮೇಲೆ ಶೇ 5 ಜಿಎಸ್‌ಟಿ. ಮೂರು ಜನಕ್ಕೆ 25,200 ರೂಪಾಯಿ. 2025–26ಕ್ಕೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಎಂದು ನಿಗದಿಯಾಗಿತ್ತು. ಆ ಲೆಕ್ಕದಲ್ಲಿ ನಾನೊಬ್ಬ ಒಂದೂವರೆ ಗಂಟೆಯಲ್ಲಿ ಉಂಡಿದ್ದು ಒಬ್ಬರ ಇಪ್ಪತ್ತೆರಡು ದಿನಕ್ಕೂ ಹೆಚ್ಚಿನ ಕೂಲಿ. ಈ ಸಂಖ್ಯೆ ನೋಡಿ ಗಂಟಲಲ್ಲಿ ಏನೂ ಸಿಕ್ಕಿಕೊಳ್ಳದಿದ್ದರೆ ಅವನಿಗೆ ಊರು ಮರೆತಿದೆ ಎಂದೇ ಅರ್ಥ. ಹಾಸ್ಟೆಲಿನ ಮೊದಲ ಪಕ್ಷದ ಸಿಟ್ಟು ಸುಳ್ಳಲ್ಲ.

ನನಗೆ ಅದಕ್ಕಿಂತ ಜಾಸ್ತಿ ಚುಚ್ಚಿದ್ದು ಇನ್ನೊಂದು ಲೆಕ್ಕ. ದೊಡ್ಡಪ್ಪ ಹಿಂದಿನ ತಿಂಗಳು ಐನೂರು ಎಲೆಯ ಒಂದು ಮದುವೆ ಒಪ್ಪಿಕೊಂಡಿದ್ದರು. ಸಾಮಾನು ಮನೆಯವರದು, ಕೂಲಿ ಇವರದು. ಹಿಂದಿನ ದಿನ ಮಧ್ಯಾಹ್ನ ಒಲೆ ಹೂಡಿದರೆ ಮಾರನೆಯ ದಿನ ಸಂಜೆ ಕೊಪ್ಪರಿಗೆ ತೊಳೆದಿಡುವವರೆಗೆ ಏಳು ಜನರ ಕೆಲಸ. ಅದಕ್ಕೆ ಮಾತಾಗಿದ್ದು 25,000 ರೂಪಾಯಿ, ಅಂದರೆ ಎಲೆಗೆ ಐವತ್ತು. ಊಟ ಎಲ್ಲ ಮುಗಿದ ಮೇಲೆ, ‘ಪಾಯಸ ಸ್ವಲ್ಪ ತೆಳುವಾಯ್ತಲ್ವಾ’ ಎಂದು ಎರಡು ಸಾವಿರ ಹಿಡಿದುಕೊಂಡರು. ನಾವು ಮೂರು ಜನ ಉಂಡ ಬಿಲ್ಲಿಗಿಂತ ಐನೂರು ಜನಕ್ಕೆ ಉಣಬಡಿಸಿದ ಏಳು ಜನರ ಕೂಲಿ ಕಡಿಮೆ. ಬೆಂಗಳೂರಿನ ಆ ಕಟ್ಟೆಯ ಎದುರು ಯಾರೂ ಚೌಕಾಶಿ ಮಾಡಲಿಲ್ಲ. ಎಲ್ಲರೂ ಎದ್ದು ಬಗ್ಗಿ ಧನ್ಯವಾದ ಹೇಳಿ ಬಂದರು.

ಹಾಗಂತ ಆ ಹೋಟೆಲಿನವರು ಲೂಟಿ ಮಾಡುತ್ತಿದ್ದಾರೆ ಎಂದು ನಾನು ಹೇಳುವುದಿಲ್ಲ. ಮೆಕ್ಯಾನಿಕಲ್ ವಿದ್ಯಾರ್ಥಿಯಾಗಿ ನನಗೆ ಮೊದಲು ಕಾಣಿಸಿದ್ದು ಅದರ ಹಿಂದಿನ ಯಂತ್ರಗಳು. ಹಸಿ ಮೀನಿನಲ್ಲಿ ಪರಾವಲಂಬಿ ಹುಳುಗಳಿರಬಹುದು. ಅವು ಸಾಯಬೇಕಾದರೆ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ, ಇಲ್ಲವೇ ಮೈನಸ್ 35ರಲ್ಲಿ ಹೆಪ್ಪುಗಟ್ಟಿಸಿ 15 ಗಂಟೆ ಇಡಬೇಕು ಎನ್ನುತ್ತದೆ ಅಮೆರಿಕದ ಎಫ್‌ಡಿಎ ಮಾರ್ಗಸೂಚಿ. ಟ್ಯೂನಾ ಮೀನಿನ ಕೆಂಪು ಬಣ್ಣ ಕಂದಾಗದಿರಲು ಮೈನಸ್ 60ರ ಸುತ್ತ ಇಡುತ್ತಾರೆ. ಸಮುದ್ರದಿಂದ ಕಟ್ಟೆಯವರೆಗೆ ಎಲ್ಲೂ ಶೀತದ ಸರಪಳಿ ತುಂಡಾಗಬಾರದು. ವಿಮಾನದ ಬಾಡಿಗೆ, ಬೆಂಗಳೂರಿನ ಜಾಗದ ಬಾಡಿಗೆ, ಅದರ ಮೇಲೆ ಎಂಟೇ ಕುರ್ಚಿ. ರಾತ್ರಿಗೆ ಎರಡು ಪಂಕ್ತಿ ತುಂಬಿದರೂ ಹದಿನಾರೇ ಜನ. ಈ ಲೆಕ್ಕದಲ್ಲಿ ಎಂಟು ಸಾವಿರ ಅರ್ಥವಾಗುತ್ತದೆ. ಅರ್ಥವಾಗದೆ ಉಳಿಯುವುದು ಎಲೆಗೆ ಐವತ್ತು.

ಇಲ್ಲಿ ಸ್ವಲ್ಪ ಇತಿಹಾಸ ನೋಡಬೇಕು. ಸುಶಿ ಎನ್ನುವುದು ಹುಟ್ಟಿದ್ದು ಶ್ರೀಮಂತರ ಮನೆಯಲ್ಲಲ್ಲ. ಮೊದಲು ಅದು ಮೀನು ಕೆಡದಂತೆ ಅನ್ನದಲ್ಲಿ ಹುದುಗಿಸಿಡುವ ಉಪಾಯವಾಗಿತ್ತು. ಕೈಯಲ್ಲಿ ಒತ್ತಿ ತಕ್ಷಣ ಕೊಡುವ ಈಗಿನ ರೂಪ ಬಂದಿದ್ದು 1820ರ ದಶಕದ ಎಡೊ ನಗರದಲ್ಲಿ, ಅಂದರೆ ಈಗಿನ ಟೋಕಿಯೊದಲ್ಲಿ. ಹನಾಯಾ ಯೊಹೆಯಿ ಎಂಬಾತನ ಹೆಸರನ್ನು ಅದಕ್ಕೆ ಹೇಳುತ್ತಾರೆ. ಆಗ ಅದು ಬೀದಿ ಬದಿಯ ಅಂಗಡಿಯಲ್ಲಿ ನಿಂತುಕೊಂಡೇ ತಿಂದು ಹೋಗುವ ತಿಂಡಿ. ನಮ್ಮ ಕಡೂರು ಬಸ್ ಸ್ಟ್ಯಾಂಡಿನ ಮಂಡಕ್ಕಿ, ಮಿರ್ಚಿ ಇದ್ದ ಹಾಗೆ ಅಂದುಕೊಳ್ಳಿ. ಅದೇ ತಿಂಡಿ ಇನ್ನೂರು ವರ್ಷದಲ್ಲಿ ಎಂಟು ಸಾವಿರದ ಊಟವಾಯಿತು. ಮೀನು ಬದಲಾಗಲಿಲ್ಲ, ಅಕ್ಕಿಯೂ ಬದಲಾಗಲಿಲ್ಲ. ಬದಲಾಗಿದ್ದು ಆ ಕೈಯನ್ನು ಜನ ನೋಡುವ ರೀತಿ.

ಟೋಕಿಯೊದ ಗಿಂಜಾ ಮೆಟ್ರೊ ನಿಲ್ದಾಣದ ಹತ್ತಿರ ನೆಲಮಾಳಿಗೆಯಲ್ಲಿ ಹತ್ತು ಕುರ್ಚಿಯ ಒಂದು ಅಂಗಡಿ ಇದೆ. ಅದನ್ನು ಕಟ್ಟಿದ ಜಿರೊ ಒನೊ 1925ರಲ್ಲಿ ಹುಟ್ಟಿದವರು, ಬಾಲ್ಯದಲ್ಲೇ ಹೋಟೆಲ್ ಕೆಲಸಕ್ಕೆ ಸೇರಿದವರು. 2007ರಲ್ಲಿ ಬಂದ ಮೊದಲ ಟೋಕಿಯೊ ಮಿಶೆಲಿನ್ ಕೈಪಿಡಿ ಅವರಿಗೆ ಮೂರು ನಕ್ಷತ್ರ ಕೊಟ್ಟಿತು. 2014ರಲ್ಲಿ ಅಮೆರಿಕದ ಅಧ್ಯಕ್ಷ ಒಬಾಮ ಬಂದಾಗ ಜಪಾನಿನ ಪ್ರಧಾನಿ ಅವರನ್ನು ಊಟಕ್ಕೆ ಕರೆದೊಯ್ದಿದ್ದು ಈ ನೆಲಮಾಳಿಗೆಗೇ. ಅವರ ಬಗ್ಗೆ 2011ರಲ್ಲಿ ಬಂದ ಸಾಕ್ಷ್ಯಚಿತ್ರದಲ್ಲಿ ದೈಸುಕೆ ನಕಜಾವಾ ಎಂಬ ಶಿಷ್ಯ ಬರುತ್ತಾರೆ. ಮೊಟ್ಟೆಯ ಒಂದು ತಿನಿಸನ್ನು ಇನ್ನೂರಕ್ಕೂ ಹೆಚ್ಚು ಸಲ ಮಾಡಿ, ಪ್ರತಿ ಸಲವೂ ‘ಸರಿಯಿಲ್ಲ’ ಅನ್ನಿಸಿಕೊಂಡು, ಕೊನೆಗೊಮ್ಮೆ ಒಪ್ಪಿಗೆ ಸಿಕ್ಕಾಗ ಅತ್ತುಬಿಟ್ಟೆ ಎಂದು ಹೇಳುತ್ತಾರೆ. ಮುಂದೆ 2013ರಲ್ಲಿ ಅವರ ಹೆಸರಿನಲ್ಲೇ ನ್ಯೂಯಾರ್ಕಿನಲ್ಲಿ ರೆಸ್ಟೋರೆಂಟ್ ಶುರುವಾಯಿತು.

ಬೆಂಗಳೂರಿಗೂ ಈ ರುಚಿ ಆಕಾಶದಿಂದ ಉದುರಲಿಲ್ಲ. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಶುರುವಾಗಿ ಬಿಡದಿಯಲ್ಲಿ ಕಾರ್ಖಾನೆ ಎದ್ದ ಮೇಲೆ ಜಪಾನಿನ ಎಂಜಿನಿಯರುಗಳು ಸಂಸಾರ ಸಮೇತ ಬಂದರು. ಅವರ ಹಿಂದೆ ಅವರ ಅಡುಗೆಯೂ ಬಂತು. ಈಗ ನಮ್ಮವರೇ ಅದನ್ನು ಕಲಿತು ಮಾಡುತ್ತಿದ್ದಾರೆ. ಕವನ್ ಕುಟ್ಟಪ್ಪ 2022ರಲ್ಲಿ ಬೆಂಗಳೂರಿನಲ್ಲಿ ತೆರೆದ ‘ನಾರು ನೂಡಲ್ ಬಾರ್’ ಎಂಬ ಪುಟ್ಟ ರಾಮೆನ್ ಅಂಗಡಿಯ ಸೀಟುಗಳು ಬುಕಿಂಗ್ ತೆರೆದ ಕೆಲವೇ ನಿಮಿಷದಲ್ಲಿ ಖಾಲಿಯಾಗುತ್ತವೆ, ತತ್ಕಾಲ್ ಟಿಕೆಟ್ಟಿನ ಹಾಗೆ. ಅಂದರೆ ಅಡುಗೆಯವನನ್ನು ನೋಡಲೆಂದೇ ಜನ ಕಾಯುತ್ತಾರೆ, ದುಡ್ಡು ಕೊಡುತ್ತಾರೆ, ಹೆಸರು ನೆನಪಿಟ್ಟುಕೊಳ್ಳುತ್ತಾರೆ. ನಮ್ಮ ಜನಕ್ಕೆ ಅದು ಬರುವುದಿಲ್ಲ ಎಂದೇನಿಲ್ಲ.

ಹಾಗಾದರೆ ದೊಡ್ಡಪ್ಪನ ಕೈಯಲ್ಲಿ ಏನು ಕಡಿಮೆ? ಒಂದೂವರೆ ಕ್ವಿಂಟಾಲ್ ಅಕ್ಕಿ ಬೇಯುವಾಗ ಮುಚ್ಚಳ ತೆಗೆಯದೆ, ಸದ್ದು ಕೇಳಿಯೇ ‘ಸೌದೆ ಎಳಿ’ ಅನ್ನುತ್ತಾರೆ. ನಾನು ಹೀಟ್ ಟ್ರಾನ್ಸ್‌ಫರ್ ಪುಸ್ತಕದಲ್ಲಿ ಓದುವ ವಿಷಯ ಅವರ ಕಿವಿಯಲ್ಲಿದೆ. ಮುನ್ನೂರು ಜನ ಅಂದವರ ಮನೆಗೆ ನಾನೂರು ಜನ ಬಂದರೂ ಸಾರು ನೀರಾಗದ ಹಾಗೆ ಸಂಭಾಳಿಸುತ್ತಾರೆ. ನೆಂಟರ ಪೈಕಿ ಸಕ್ಕರೆ ಕಾಯಿಲೆಯವರು ಎಷ್ಟು, ಬಸುರಿಯರು ಯಾರು ಎಂದು ಮೊದಲೇ ವಿಚಾರಿಸಿ ಅವರಿಗೆ ಬೇರೆ ತೆಗೆದಿಡುತ್ತಾರೆ. ಇಷ್ಟಕ್ಕೂ ನಮ್ಮ ಪಂಕ್ತಿ ಊಟವೇ ಒಂದು ಒಮಕಸೆ. ಎಲೆ ಮುಂದೆ ಕೂತವರಿಗೆ ಮೆನು ಇಲ್ಲ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯದಿಂದ ಶುರುವಾಗಿ ಮಜ್ಜಿಗೆಯವರೆಗೆ ಯಾವುದರ ಹಿಂದೆ ಯಾವುದು ಎಂಬ ಕ್ರಮ ಇದೆ. ನಮ್ಮ ಜಿಲ್ಲೆಯ ಶೃಂಗೇರಿ, ಹೊರನಾಡಿನಲ್ಲಿ ದಿನವೂ ಎಷ್ಟೋ ಜನ ಹೀಗೆ ಕೂತು, ಕೊಟ್ಟಿದ್ದನ್ನು ನಂಬಿ ಉಂಡು ಏಳುತ್ತಾರೆ.

ವ್ಯತ್ಯಾಸ ಇರುವುದು ಒಂದೇ ಕಡೆ. ಅಲ್ಲಿ ಅಡುಗೆಯವರು ಕಟ್ಟೆಯ ಎದುರಿಗಿದ್ದಾರೆ, ಇಲ್ಲಿ ಚಪ್ಪರದ ಹಿಂದಿದ್ದಾರೆ. ನಿಮ್ಮ ಮನೆಯಲ್ಲಿರುವ ಯಾವುದಾದರೂ ಲಗ್ನಪತ್ರಿಕೆ ತೆಗೆದು ನೋಡಿ. ಆಗಮನಾಭಿಲಾಷಿಗಳಲ್ಲಿ ಕಂಕುಳ ಕೂಸಿನ ಹೆಸರೂ ಇರುತ್ತದೆ. ಅಡುಗೆಯವರ ಹೆಸರು ಮಾತ್ರ ಇರುವುದಿಲ್ಲ. ನಮ್ಮ ಮಲೆನಾಡಿನ ಎಲ್ಲ ಕೈಕೆಲಸದ ಕಥೆಯೂ ಇದೇ. ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಬೆಟ್ಟಕ್ಕೆ ಹೆಸರು ಬಂತು, ಬೀಜಕ್ಕೆ ಹೆಸರು ಬಂತು. ಹಸಿರು ಹಣ್ಣು ಬಿಟ್ಟು ಕೆಂಪು ಹಣ್ಣನ್ನೇ ಆರಿಸಿ ಕುಯ್ಯುವ ಕೈಗೆ ಇನ್ನೂ ಹೆಸರಿಲ್ಲ, ‘ಆಳು’ ಅಷ್ಟೇ.

ಇದನ್ನೆಲ್ಲ ಹೇಳುವಾಗ ದೊಡ್ಡಪ್ಪನ ಮಾತನ್ನು ಹಗುರ ಮಾಡಬಾರದು. ಅವರಿಗೆ ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಆಷಾಢದಲ್ಲಿ ಕೆಲಸವೇ ಇಲ್ಲ. ಒಂದು ಸಲ ಕುದಿಯುವ ಎಣ್ಣೆ ಕೈಮೇಲೆ ಬಿದ್ದಾಗ ಆಸ್ಪತ್ರೆ ಖರ್ಚು ಅವರದೇ. ‘ಅಡುಗೆಯವನ ಮಗ’ ಎಂದು ಹೆಣ್ಣು ಕೊಡಲು ಹಿಂದೆಮುಂದೆ ನೋಡುವ ಜನ ಇದ್ದಾರೆ. ತಾನು ಪಟ್ಟ ಕಷ್ಟ ಮಗ ಪಡಬಾರದು ಅನ್ನುವ ಅಪ್ಪನಿಗೆ ಗಿಂಜಾದ ಕಥೆ ಹೇಳಿ ಬಾಯಿ ಮುಚ್ಚಿಸಲು ಆಗುವುದಿಲ್ಲ.

ಜಪಾನಿನಲ್ಲೂ ಎಲ್ಲ ಚಂದವಿಲ್ಲ. ವರ್ಷಗಟ್ಟಲೆ ಪಾತ್ರೆ ತೊಳೆಸುವ ಗುರುಕುಲದ ರೀತಿ ಬೇಕೇ ಎಂದು ಅಲ್ಲೂ ಜಗಳ ಇದೆ. 2015ರಲ್ಲಿ ಉದ್ಯಮಿ ತಕಾಫುಮಿ ಹೊರಿಯೆ ‘ಅಷ್ಟು ವರ್ಷ ಕಾಯುವುದು ದಡ್ಡತನ’ ಎಂಬರ್ಥದ ಮಾತು ಆಡಿ ದೊಡ್ಡ ಚರ್ಚೆಯಾಯಿತು. ಈಗ ಕೆಲವು ತಿಂಗಳಲ್ಲೇ ಸುಶಿ ಕಲಿಸುವ ಶಾಲೆಗಳೂ ಇವೆ. ಹೆಂಗಸರ ಕೈ ಬಿಸಿ, ಮೀನು ಕೆಡುತ್ತದೆ ಎಂಬ ನೆಪ ಹೇಳಿ ಹೆಣ್ಣುಮಕ್ಕಳನ್ನು ಆ ಕಟ್ಟೆಯಿಂದ ಬಹಳ ಕಾಲ ದೂರ ಇಟ್ಟರು. ನಮ್ಮಲ್ಲೂ ಏನು ಕಡಿಮೆ? ಮನೆಯಲ್ಲಿ ದಿನಾ ಮೂರು ಹೊತ್ತು ಬೇಯಿಸುವುದು ದೊಡ್ಡಮ್ಮ, ಮದುವೆ ಮನೆಯ ಕಂಟ್ರಾಕ್ಟು ಗಂಡಸರಿಗೆ. ಹಾಗಾಗಿ ಜಪಾನಿನದನ್ನೆಲ್ಲ ಕಣ್ಣಿಗೊತ್ತಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಕೆಲಸ ಬಲ್ಲವನನ್ನು ಎದುರಿಗೆ ಕೂರಿಸಿ ನೋಡುವ ಒಂದು ಅಭ್ಯಾಸವನ್ನು ಮಾತ್ರ ಕಲಿಯೋಣ ಅನ್ನುತ್ತೇನೆ.

ಇದು ಅಡುಗೆಯವರಿಗೆ ಮಾತ್ರ ಸಂಬಂಧಪಟ್ಟ ವಿಷಯವಲ್ಲ, ಓದುತ್ತಿರುವ ನಮಗೂ ಸಂಬಂಧಪಟ್ಟಿದ್ದು. ಯೋಚಿಸಿ ನೋಡಿ, ನಮ್ಮ ಓದಿನಲ್ಲಿ ನಾವು ಎಷ್ಟು ಸಲ ‘ನಿಮಗೇ ಬಿಟ್ಟಿದ್ದೇನೆ’ ಅಂದಿದ್ದೇವೆ? ಪಿಯುಸಿಗೆ ಸೈನ್ಸೋ ಕಾಮರ್ಸೋ ಎನ್ನುವುದನ್ನು ಮಾವನಿಗೆ ಬಿಟ್ಟೆವು. ಸಿಇಟಿ ಆಪ್ಷನ್ ಎಂಟ್ರಿಯನ್ನು ಸೈಬರ್ ಸೆಂಟರ್ ಹುಡುಗನಿಗೆ ಬಿಟ್ಟವರಿದ್ದಾರೆ. ಕೆಲಸ ಸಿಗುವುದನ್ನು ಪ್ಲೇಸ್‌ಮೆಂಟ್ ಸೆಲ್‌ಗೆ, ಕೌಶಲವನ್ನು ‘ನೂರು ಪರ್ಸೆಂಟ್ ಜಾಬ್ ಗ್ಯಾರಂಟಿ’ ಬೋರ್ಡು ಹಾಕಿದ ಕೋಚಿಂಗ್‌ಗೆ ಬಿಡುತ್ತೇವೆ. ಬಿಡುವುದು ತಪ್ಪಲ್ಲ, ಎಲ್ಲವನ್ನೂ ನಾವೇ ತಿಳಿದಿರಲು ಸಾಧ್ಯವಿಲ್ಲ. ಆದರೆ ಆ ಕಟ್ಟೆಯ ಎದುರು ಕೂತಾಗ ಒಂದು ವಿಷಯ ಸ್ಪಷ್ಟವಾಯಿತು. ನಾವು ನಂಬಿ ಬಿಟ್ಟಿದ್ದು ಅವರ ಕೈ ನಮ್ಮ ಕಣ್ಣೆದುರಿಗೇ ಇತ್ತು ಎಂಬ ಕಾರಣಕ್ಕೆ. ಕೈ ತೋರಿಸದವರಿಗೆ ನಾವು ನಮ್ಮ ನಾಲ್ಕು ವರ್ಷವನ್ನು ಯಾಕೆ ಬಿಟ್ಟುಕೊಡಬೇಕು?

ಇದೇ ಪ್ರಶ್ನೆ ನಮ್ಮ ಕಡೆಗೂ ತಿರುಗುತ್ತದೆ. ಫೈನಲ್ ಇಯರ್ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರುವುದು, ಒಂದು ದಿನವೂ ಹೋಗದ ಇಂಟರ್ನ್‌ಶಿಪ್‌ಗೆ ಸರ್ಟಿಫಿಕೇಟ್ ಮಾಡಿಸುವುದು ನಮ್ಮ ಸುತ್ತ ನಡೆಯುತ್ತಲೇ ಇದೆ. ಹತ್ತು ಜನರೆದುರು ಗೋಡೆ ಇಲ್ಲದ ಕಟ್ಟೆಯ ಹಿಂದೆ ನಿಲ್ಲಿಸಿ, ‘ಈಗ ನಿನ್ನ ಪ್ರಾಜೆಕ್ಟ್ ಮೊದಲಿನಿಂದ ಮಾಡು, ನೋಡ್ತೀವಿ’ ಅಂದರೆ ನಮ್ಮ ತರಗತಿಯಲ್ಲಿ ಎಷ್ಟು ಜನ ನಿಲ್ಲುತ್ತಾರೆ? ಬಿಇ ಡಿಗ್ರಿಗೆ ಮರ್ಯಾದೆ, ಸೌಟಿಗೆ ಇಲ್ಲ ಎನ್ನುವ ಊರಿನಲ್ಲಿ ನಾವು ಬೆಳೆದಿದ್ದೇವೆ. ನಿಜ ಹೇಳಬೇಕೆಂದರೆ ಇಂದು ಕೈಯಲ್ಲಿ ಕೆಲಸ ಇರುವವರು ದೊಡ್ಡಪ್ಪ, ಕೈಯಲ್ಲಿ ಅಂಕಪಟ್ಟಿ ಇರುವವರು ನಾವು. ಇಂಟರ್‌ವ್ಯೂನಲ್ಲಿ ಕೊನೆಗೂ ಕೇಳುವುದು ‘ನಿನಗೇನು ಮಾಡಲು ಬರುತ್ತೆ’ ಎಂದೇ.

ಕೆಲಸ ಹುಡುಕುತ್ತಿರುವವರಿಗೆ ಒಂದೆರಡು ಉಪಯೋಗದ ಮಾತು. ಅಡುಗೆಯನ್ನೇ ವೃತ್ತಿ ಮಾಡಿಕೊಳ್ಳಬೇಕೆಂದರೆ ಚಪ್ಪರದ ಹಿಂದಿನ ದಾರಿ ಒಂದೇ ಇಲ್ಲ. ಪಿಯುಸಿ ಮುಗಿದವರು ಎನ್‌ಸಿಎಚ್‌ಎಂ ಜೆಇಇ ಎಂಬ ಪ್ರವೇಶ ಪರೀಕ್ಷೆ ಬರೆದು ಸರ್ಕಾರಿ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಗಳಿಗೆ ಸೇರಬಹುದು. ಅಂಥದ್ದೊಂದು ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿದೆ. ಜಪಾನ್ 2019ರಲ್ಲಿ ‘ಸ್ಪೆಸಿಫೈಡ್ ಸ್ಕಿಲ್ಡ್ ವರ್ಕರ್’ ಎಂಬ ವೀಸಾ ಶುರು ಮಾಡಿತು. 2021ರ ಜನವರಿಯಲ್ಲಿ ಭಾರತ ಅದಕ್ಕೆ ಒಪ್ಪಂದ ಮಾಡಿಕೊಂಡಿತು. ಆಹಾರ ಸೇವೆ, ಕೃಷಿ, ವೃದ್ಧರ ಆರೈಕೆ ಅದರ ಪಟ್ಟಿಯಲ್ಲಿವೆ. ಕೌಶಲ ಪರೀಕ್ಷೆಯ ಜೊತೆಗೆ ಜೆಎಲ್‌ಪಿಟಿ ಎನ್4 ಮಟ್ಟದ ಜಪಾನಿ ಭಾಷೆ ಬರಬೇಕು. 2025ರ ಆಗಸ್ಟ್‌ನಲ್ಲಿ ಎರಡೂ ದೇಶಗಳು ಐದು ವರ್ಷದಲ್ಲಿ ಐದು ಲಕ್ಷ ಜನರ ವಿನಿಮಯದ ಗುರಿ ಇಟ್ಟುಕೊಂಡವು. ಅದರಲ್ಲಿ ಭಾರತದಿಂದ ಹೋಗಬೇಕಾದ ಕುಶಲ ಕೆಲಸಗಾರರು ಮತ್ತು ಪ್ರತಿಭಾವಂತರು 50,000. ಭಾಷೆ ಕಲಿಯುವ ಮೊದಲೇ ಏಜೆಂಟಿಗೆ ಲಕ್ಷ ಕಟ್ಟುವವರು ಮಾತ್ರ ಸ್ವಲ್ಪ ನಿಲ್ಲಿ. ಅಲ್ಲೂ ಕೇಳಬೇಕಾದದ್ದು ಅದೇ, ‘ನಿಮ್ಮ ಕೈ ತೋರಿಸಿ.’

ನಮ್ಮ ಮನೆಯ ಜಗಳ ಇನ್ನೂ ಮುಗಿದಿಲ್ಲ. ಅಕ್ಕ ಬಿಲ್ಲಿನ ಮೊತ್ತವನ್ನು ದೊಡ್ಡಪ್ಪನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವನು ಅನ್ನಕ್ಕೆ ಎಷ್ಟು ನೀರು ಇಡ್ತಾನಂತೆ?’ ಎಂದು ಕೇಳಿದರು. ತಮ್ಮ ಅಕ್ಕಿ ತೊಳೆಯುವುದರಿಂದ ಹಿಡಿದು ಮರದ ತಟ್ಟೆಯಲ್ಲಿ ಬೀಸಣಿಗೆ ಹಾಕಿ ಆರಿಸುವವರೆಗೆ ಎಲ್ಲ ವಿವರಿಸಿದ. ಅದಾದ ಮೇಲೆ ದೊಡ್ಡಪ್ಪ ಒಂದು ಷರತ್ತು ಹಾಕಿದ್ದಾರೆ. ‘ಕಾರ್ತಿಕ ಮಾಸದಿಂದ ಒಂದು ಸೀಸನ್ ಪೂರ್ತಿ ನನ್ನ ಜೊತೆ ಒಲೆ ಮುಂದೆ ನಿಲ್ಲು. ಅಷ್ಟಾದ್ರೂ ಬೇಕು ಅಂದ್ರೆ ನಿನ್ನ ಪರೀಕ್ಷೆ ಬರಿ’ ಅಂತ. ನನಗೆ ಇದು ಯಾವ ಕೌನ್ಸೆಲಿಂಗಿಗಿಂತ ನ್ಯಾಯವಾದ ಷರತ್ತು ಅನ್ನಿಸಿದೆ.

ನಾವು ಓದುಗರು ಮಾಡಬಹುದಾದ ಕೆಲಸ ಇದಕ್ಕಿಂತ ಸುಲಭ. ಎಂಟು ಸಾವಿರದ ಊಟ ಎಲ್ಲರಿಗೂ ಸಾಧ್ಯವಿಲ್ಲ, ಅದು ಅಗತ್ಯವೂ ಅಲ್ಲ. ಮುಂದಿನ ಸಲ ಮದುವೆಗೆ ಹೋದಾಗ ಫೋಟೊ ಸ್ಟೇಜಿನ ಸಾಲು ಬಿಟ್ಟು ಐದು ನಿಮಿಷ ಚಪ್ಪರದ ಹಿಂದಕ್ಕೆ ಹೋಗಿ. ಅಡುಗೆಯವರ ಹೆಸರು ಕೇಳಿ, ಇವತ್ತು ಯಾವುದು ಚೆನ್ನಾಗಿ ಬಂದಿದೆ ಎಂದು ಅವರ ಬಾಯಲ್ಲೇ ಕೇಳಿ. ನಿಮ್ಮ ಮನೆಯದೇ ಕಾರ್ಯವಾಗಿದ್ದರೆ ಮಾತಾದ ಕೂಲಿಯನ್ನು ಪಾಯಸದ ನೆಪ ಹೇಳಿ ಕಡಿಯಬೇಡಿ. ಲಗ್ನಪತ್ರಿಕೆಯ ಕೊನೆಯಲ್ಲಿ ಒಂದು ಸಾಲು ಜಾಗ ಖಂಡಿತ ಇರುತ್ತದೆ. ‘ಪಾಕಶಾಲೆ’ ಎಂದು ಬರೆದು ಮುಂದೆ ಅವರ ಹೆಸರು ಹಾಕಿಸಿ. ಪ್ರೆಸ್ಸಿನವರು ಅದಕ್ಕೆ ಹೆಚ್ಚಿಗೆ ದುಡ್ಡು ಕೇಳುವುದಿಲ್ಲ.